ಓಣಿಯೂ ಮಗುವನ್ನು ಬೆಳೆಸುತ್ತದೆ



ಮಕ್ಕಳನ್ನು ತಿದ್ದಿ ಬೆಳೆಸುವವರು ಅಪ್ಪ-ಅಮ್ಮ ಎನ್ನುತ್ತೇವೆ. ಆದರೆ ನಾಗಪುರದ ನಮ್ಮ ಕನ್ನಡ ಮನೆಗಳನ್ನೇ ನೋಡಿ. ಅಮ್ಮ ಕನ್ನಡದಲ್ಲಿ ಕೇಳಿದರೆ ಎಷ್ಟೋ ಮಕ್ಕಳು ಹಿಂದಿಯಲ್ಲೋ ಮರಾಠಿಯಲ್ಲೋ ಉತ್ತರ ಕೊಡುತ್ತಾರೆ. ಯಾರೂ ಕೂರಿಸಿ ಕಲಿಸಿದ್ದಲ್ಲ, ಜತೆಯವರೊಡನೆ ಆಡುತ್ತ ಬಂದದ್ದು. ಅಮೆರಿಕದ ಮನೋವಿಜ್ಞಾನ ಲೇಖಕಿ ಜೂಡಿತ್ ರಿಚ್ ಹ್ಯಾರಿಸ್ 1998ರ ತಮ್ಮ ಪುಸ್ತಕದಲ್ಲಿ ವಲಸೆ ಬಂದವರ ಮಕ್ಕಳ ಇಂಥದೇ ನಡೆಯನ್ನು ಮುಂದಿಟ್ಟು, ಹೊರಗಿನ ಬದುಕಿಗೆ ಮಕ್ಕಳನ್ನು ಅಣಿಗೊಳಿಸುವುದರಲ್ಲಿ ಹೆತ್ತವರಿಗಿಂತ ಓರಗೆಯವರ ಪಾತ್ರವೇ ದೊಡ್ಡದು ಎಂದು ವಾದಿಸಿದರು. ಆ ವಾದ ಅತಿಯಾಯಿತು ಎಂದವರೂ ಇದ್ದಾರೆ. ನಾನು ಹೇಳುವುದಿಷ್ಟು: ಓರಗೆಯವರ ಬಳಗ ಎಲ್ಲಿ, ಯಾರ ಕಣ್ಣೆದುರು ಸೇರಬೇಕು ಎಂಬುದು ಹಿರಿಯರ ಕೈಯಲ್ಲಿದೆ.

ನಾಗಪುರಕ್ಕೆ ಇದು ಹಳೆಯ ತಿಳಿವಳಿಕೆ. ಶ್ರಾವಣದ ಅಮಾವಾಸ್ಯೆಗೆ ರೈತರ ಎತ್ತಿನ ಹಬ್ಬ ಪೋಳಾ, ಮರುದಿನ ಮಕ್ಕಳ ತಾನ್ಹಾ ಪೋಳಾ. ಇಲ್ಲಿನ ಅರಸ ಎರಡನೆಯ ರಘೂಜಿ ಭೋಸಲೆ 1806ರಲ್ಲಿ ಈ ಮಕ್ಕಳ ಹಬ್ಬವನ್ನು ಆರಂಭಿಸಿದರೆಂದು ಊರವರ ಮಾತು. ನಮ್ಮ ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣಿನ ಎತ್ತು, ಇಲ್ಲಿ ಗಾಲಿಯ ಮೇಲೆ ನಿಂತ ಮರದ ಎತ್ತು. ಎತ್ತು ಕೊಡಿಸಿ ಸಿಂಗರಿಸುವವರು ಮನೆಯವರು. ಅದನ್ನು ಎಳೆದುಕೊಂಡು ಹೊರಡುವುದು ಗೆಳೆಯರ ಗುಂಪು. ಬೋಜಾರಾ ಎಂದು ಚಿಲ್ಲರೆ ಕಾಸು, ತಿಂಡಿ ಕೊಡುವವರು ನೆರೆಹೊರೆಯವರು. ಪರರ ಹೊಸ್ತಿಲಲ್ಲಿ ಹೇಗೆ ನಿಲ್ಲಬೇಕು, ಸಿಕ್ಕಿದ್ದನ್ನು ಹೇಗೆ ಹಂಚಿಕೊಳ್ಳಬೇಕು, ದುಡಿಯುವ ಪ್ರಾಣಿಗೆ ಏಕೆ ಕೈಮುಗಿಯಬೇಕು ಎಂಬುದು ಉಪದೇಶವಿಲ್ಲದೆ ಮೈಗೂಡುತ್ತದೆ. ಮನೆ, ಗೆಳೆಯರು, ಓಣಿ ಮೂರೂ ಅಂದು ಒಂದೇ ಪಾಠ ಹೇಳುತ್ತವೆ.

ಬಡತನ ಹಿಂಡುವ ಕೇರಿಗಳಲ್ಲಿ ಇಂಥ ಆಸರೆ ಸುಲಭಕ್ಕೆ ಸಿಗದು. ಇದೇ ಊರಿನ ಹಿಸ್ಲಾಪ್ ಕಾಲೇಜಿನ ಕ್ರೀಡಾ ಅಧ್ಯಾಪಕರಾಗಿದ್ದ ವಿಜಯ್ ಬಾರ್ಸೆ, ಮಳೆಯಲ್ಲಿ ಒಡೆದ ಬಕೆಟ್ ಒದೆಯುತ್ತ ಆಡುತ್ತಿದ್ದ ಕೊಳೆಗೇರಿಯ ಹುಡುಗರನ್ನು ಕಂಡರು. ಆ ಬಳಗವನ್ನು ಅವರು ಚದುರಿಸಲಿಲ್ಲ, ಚೆಂಡು ಕೊಟ್ಟರು, ಪಂದ್ಯ ಕಟ್ಟಿದರು. 2001ರಲ್ಲಿ ಶುರುವಾದ ಆ ಕೆಲಸ ‘ಸ್ಲಂ ಸಾಕರ್’ ಎಂಬ ಸಂಸ್ಥೆಯಾಗಿ ಬೆಳೆಯಿತು. 2022ರ ‘ಝುಂಡ್’ ಚಿತ್ರಕ್ಕೆ ಪ್ರೇರಣೆಯಾಯಿತು. ಹುಡುಗರು ಅವರೇ, ಗೆಳೆತನವೂ ಅದೇ. ಅದರೊಳಗೆ ನಿಯಮ ಬಂತು, ಎದುರಾಳಿಯ ಕೈಕುಲುಕುವ ಮರ್ಯಾದೆ ಬಂತು.

ಆದ್ದರಿಂದ ತಂದೆ-ತಾಯಂದಿರಲ್ಲಿ ನನ್ನ ಬಿನ್ನಹ: ಮಗುವಿನ ಗೆಳೆಯರನ್ನು ಹೆಸರು ಹಿಡಿದು ಕರೆಯುವಷ್ಟು ಬಲ್ಲವರಾಗಿ, ಅವರಿಗೂ ನಿಮ್ಮ ಮನೆಯಲ್ಲಿ ತಟ್ಟೆಯಿಡಿ. ಮಕ್ಕಳಿಗೆ ಕನ್ನಡ ಉಳಿಯಬೇಕೆಂದರೆ ವರ್ಣಮಾಲೆಯ ಜತೆಗೆ ಕನ್ನಡದಲ್ಲಿ ಆಡುವ, ಜಗಳವಾಡುವ, ರಾಜಿಯಾಗುವ ಸಂಗಾತಿಗಳು ಬೇಕು. ವಾರಕ್ಕೊಂದು ಸಂಜೆ ನಮ್ಮ ಕನ್ನಡ ಸಂಘದ ಅಂಗಳವನ್ನು ಮಕ್ಕಳಿಗೇ ಬಿಟ್ಟುಕೊಡೋಣ.