ಕಟ್ಟಿದವರಷ್ಟೇ ಕಾಯುವವರೂ ಬೇಕು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ನೂತನ ಪದವೀಧರರೇ,

ಒಳನಾಡಿನ ನಿಮ್ಮೆದುರು ನಾನು ಬಂದರಿನ ಮಾತೆತ್ತಿದರೆ ಅಚ್ಚರಿಪಡಬೇಡಿ. ನಿಮ್ಮ ಕಡೆಯ ಹೊಲ, ತೋಟಗಳಿಗೆ ಬರುವ ರಸಗೊಬ್ಬರದಲ್ಲಿ ಮಂಗಳೂರು ಬಳಿಯ ಪಣಂಬೂರಿನ ಕಾರ್ಖಾನೆಯ ಪಾಲೂ ಇದೆ. ಅದಕ್ಕೆ ಬೇಕಾದ ಫಾಸ್ಫಾರಿಕ್ ಆಮ್ಲ ಹಡಗಿನಲ್ಲಿ ನವಮಂಗಳೂರು ಬಂದರಿಗೆ ಬಂದು ಇಳಿಯುತ್ತದೆ.

ಮಂಗಳೂರಿನ ಹಳೆಯ ಬಂದರು ನೇತ್ರಾವತಿ, ಗುರುಪುರ ಹೊಳೆಗಳ ಅಳಿವೆಯಲ್ಲಿದೆ. ಅಲ್ಲಿ ಆಳ ಸಾಲದು. ದೊಡ್ಡ ಹಡಗುಗಳು ದೂರದಲ್ಲೇ ಲಂಗರು ಹಾಕಬೇಕಿತ್ತು. ಆದ್ದರಿಂದ ಪಣಂಬೂರಿನಲ್ಲಿ ನೆಲ ಅಗೆದು, ಕಡಲನ್ನು ಒಳಗೆ ಬಿಟ್ಟುಕೊಂಡು ಸರ್ವಋತು ಬಂದರು ಕಟ್ಟಿದರು. 1975ರ ಜನವರಿಯಲ್ಲಿ ಇಂದಿರಾ ಗಾಂಧಿಯವರು ಅದನ್ನು ಉದ್ಘಾಟಿಸಿದರು.

ಉದ್ಘಾಟನೆಯೊಂದಿಗೆ ಕೆಲಸ ಮುಗಿಯಲಿಲ್ಲ. ಪ್ರತಿ ಮಳೆಗಾಲವೂ ಕಡಲು ಹಡಗಿನ ದಾರಿಗೆ ಕೆಸರು ತಂದು ತುಂಬುತ್ತದೆ. ಮಳೆ ನಿಂತ ಮೇಲೆ ಡ್ರೆಜರ್ ಬರುತ್ತದೆ; ತಳಕ್ಕೆ ಕೊಳವೆ ಇಳಿಸಿ ಹೂಳನ್ನು ಹೀರಿ ಒಡಲು ತುಂಬಿಕೊಂಡು, ಆಚೆ ಕಡಲಿಗೆ ಹೋಗಿ ಅಡಿಯ ಬಾಗಿಲು ತೆರೆದು ಸುರಿದು ಬರುತ್ತದೆ. ಒಂದೆರಡು ವರ್ಷ ಇದನ್ನು ಕೈಬಿಟ್ಟರೆ ಬಂದರು ಹೆಸರಿಗಷ್ಟೇ ಉಳಿದೀತು.

ಲೆಕ್ಕಕ್ಕೆ ಸೇರಿಸಬೇಕಾದ್ದು ಇನ್ನೂ ಇದೆ. ಬಂದರಿಗಾಗಿ ಮನೆ, ಗದ್ದೆ ಬಿಟ್ಟು ಎದ್ದವರಿದ್ದಾರೆ. ಹಳೆಯ ಬಂದರಿನ ಅಳಿವೆಯಲ್ಲಿ ಕಟ್ಟಿದ ಅಲೆತಡೆಗೋಡೆ ಮರಳಿನ ಸಹಜ ಓಟವನ್ನು ತಡೆದದ್ದೂ ಉಳ್ಳಾಲದ ಕಡಲ್ಕೊರೆತಕ್ಕೆ ಒಂದು ಕಾರಣ. 2023ರಲ್ಲಿ ಕೇಂದ್ರ ಸರ್ಕಾರ ಬಂದರುಗಳು ಪರಿಸರಸ್ನೇಹಿಯಾಗಲೆಂದು ‘ಹರಿತ್ ಸಾಗರ್’ ಮಾರ್ಗಸೂಚಿ ಹೊರಡಿಸಿತು. ಸೌರವಿದ್ಯುತ್ತು, ದಕ್ಕೆಗೆ ಬಂದ ಹಡಗಿಗೆ ದಡದಿಂದಲೇ ಕರೆಂಟು, ಧೂಳೇಳದಂತೆ ಕಲ್ಲಿದ್ದಲು ಸಾಗಿಸುವ ಮುಚ್ಚಿದ ಕನ್ವೇಯರು, ಎಲ್ಲವೂ ಬೇಕು. ಆದರೆ ಚಾವಣಿಯ ಮೇಲೆ ಸೌರಫಲಕ ಹೊದಿಸಿ, ಪಕ್ಕದ ಮೀನುಗಾರರ ದಡ ಕರಗುವುದನ್ನು ನೋಡುತ್ತ ಕುಳಿತರೆ ಅದು ಸುಸ್ಥಿರ ಅಭಿವೃದ್ಧಿಯಲ್ಲ.

ಕಟ್ಟಿದ್ದನ್ನು ಕಾಯಬೇಕೆಂಬ ಈ ಪಾಠ ಕಲಿಯಲು ನೀವು ಘಟ್ಟ ಇಳಿಯಲೇಬೇಕೆಂದಿಲ್ಲ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಅಂದರೆ ಶಾಂತಿಸಾಗರ, ಶತಮಾನಗಳಿಂದ ಎರಡು ಗುಡ್ಡಗಳ ನಡುವಿನ ಏರಿಯ ಬಲದ ಮೇಲೆ ನಿಂತಿದೆ. ಕಟ್ಟಿದವರು ಜಾಗ ಆರಿಸಿದ ಜಾಣ್ಮೆ ದೊಡ್ಡದು. ಆದರೆ ಹೂಳು, ಒತ್ತುವರಿಗಳ ಮುಂದೆ ಆ ಜಾಣ್ಮೆಯೊಂದೇ ಸಾಲದು. ತಲೆಮಾರು ತಲೆಮಾರಿಗೂ ಕಾಯುವವರು ಬೇಕು.

ನಿಮ್ಮಲ್ಲಿ ಕೆಲವರು ಎಂಜಿನಿಯರಾಗುತ್ತೀರಿ, ಕೆಲವರು ಕಚೇರಿಗಳಲ್ಲಿ ಕಡತ ನೋಡುತ್ತೀರಿ, ಕೆಲವರು ಪಂಚಾಯಿತಿಗೆ ಆರಿಸಿ ಬರುತ್ತೀರಿ. ಯಾವುದೇ ಯೋಜನೆ ನಿಮ್ಮ ಮೇಜಿಗೆ ಬಂದಾಗ ಮೂರು ಪ್ರಶ್ನೆ ಕೇಳಿ: ಹತ್ತನೇ ವರ್ಷದ ನಿರ್ವಹಣೆಗೆ ಹಣ ಯಾವ ಬಾಬ್ತಿನಿಂದ? ತೆಗೆದ ಹೂಳು ಹೋಗುವುದೆಲ್ಲಿಗೆ? ಜಾಗ ಬಿಟ್ಟುಕೊಟ್ಟವರಿಗೆ ಸಿಕ್ಕಿದ್ದೇನು? ಉತ್ತರ ಕಡತದಲ್ಲಿ ಇಲ್ಲದಿದ್ದರೆ ಸಹಿ ಹಾಕಬೇಡಿ. ಇಷ್ಟು ಗಟ್ಟಿತನ ಇದ್ದರೆ ಈ ಪದವಿ ನಿಮಗೂ ನಾಡಿಗೂ ಸಾರ್ಥಕ.