ಬೈಲಹೊಂಗಲದ ಆಟ, ಸುರಬಾಯದ ಆಟ

(ಆಕಾಶವಾಣಿಯ ಕೃಪೆಯಿಂದ)

ಬೈಲಹೊಂಗಲದ ಸುತ್ತಿನ ಹಳ್ಳಿಗಳಲ್ಲಿ ಹುಟ್ಟಿ ಬೆಳೆದ ನಮಗೆ ಆಟವೆಂದೊಡನೆ ಮೊದಲು ನೆನಪಾಗುವುದು 'ಸಂಗ್ಯಾ ಬಾಳ್ಯಾ'. ಈ ಸಣ್ಣಾಟದಲ್ಲಿ ದೇವರಿಲ್ಲ, ದೈತ್ಯರಿಲ್ಲ, ರಾಜಮಹಾರಾಜರಿಲ್ಲ. ಬೈಲಹೊಂಗಲದಲ್ಲಿಯೇ ನಡೆಯಿತೆಂದು ಜನ ನಂಬಿದ ಒಂದು ಕೊಲೆಯ ಕಥೆ ಅದು. ಸಂಗ್ಯಾ ಹಣವಂತ, ಬಾಳ್ಯಾ ಅವನ ಜೀವದ ಗೆಳೆಯ, ಗಂಗಿ ಪರರ ಹೆಂಡತಿ. ನಡುವೆ ನಿಂತು ಮಾತು ಕೂಡಿಸುವವಳು ಮುದುಕಿ ಪಾರಮ್ಮ. ಕೊನೆಗೆ ಸಂಗ್ಯಾನ ಸಾವಿಗೆ ದಾರಿ ಮಾಡಿಕೊಡುವವನು ಅದೇ ಬಾಳ್ಯಾ. ಬೈಲವಾಡದ ಪತ್ತಾರ ಮಾಸ್ತರರು ಇದನ್ನು ಕಟ್ಟಿದರೆಂದು ಪರಂಪರೆ ಹೇಳುತ್ತದೆ. ಚಂದ್ರಶೇಖರ ಕಂಬಾರರು ಇದನ್ನು ಸಂಪಾದಿಸಿ ಓದುಗರ ಕೈಗಿತ್ತರು.

ಇಂಡೋನೇಷ್ಯದ ಜನರಂಜನೆಯನ್ನು ಕುರಿತು ಮಾತನಾಡಬೇಕಾದವನು ಬೈಲಹೊಂಗಲದಿಂದೇಕೆ ಹೊರಟನೆಂದು ಕೇಳುಗರಿಗೆ ಅನಿಸಬಹುದು. ಜಾವಾ ಎಂದೊಡನೆ ನಮ್ಮ ವಿದ್ಯಾವಂತರು ಬೊರೊಬುದುರಿನ ಸ್ತೂಪವನ್ನು, ಪ್ರಂಬಾನನ್ನಿನ ಗುಡಿಗಳನ್ನು, ತೊಗಲುಬೊಂಬೆಯ ರಾಮಾಯಣವನ್ನು ಸ್ಮರಿಸುತ್ತಾರೆ. ಅದು ತಪ್ಪಲ್ಲ. ಆದರೆ ಶಾಸನಗಳಿಗೆ ಸಿಗದ, ಪಂಡಿತರು ಲೆಕ್ಕಕ್ಕಿಡದ ಇನ್ನೊಂದು ನೆಂಟಸ್ತಿಕೆಯೂ ಆ ನಾಡಿಗೂ ನಮಗೂ ಉಂಟು. ಅದು ಪರದೆ, ಪೆಟ್ಟಿಗೆ, ಹಾಡುಗಳನ್ನು ಹೊತ್ತು ಊರೂರು ತಿರುಗಿದ ನಾಟಕ ಕಂಪನಿಗಳ ನೆಂಟಸ್ತಿಕೆ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮುಂಬಯಿಯ ಪಾರ್ಸಿ ನಾಟಕ ಮಂಡಳಿಗಳು ರೈಲಿನಲ್ಲಿ ಒಳನಾಡಿಗೂ ಹಡಗಿನಲ್ಲಿ ಹೊರನಾಡಿಗೂ ಹೊರಟವು. ಲಖನೌದ ಅಮಾನತ್ ಬರೆದ 'ಇಂದರ್ ಸಭಾ' ಅವುಗಳ ಮೆಚ್ಚಿನ ನಾಟಕಗಳಲ್ಲೊಂದು. ನಮ್ಮ ಸವದತ್ತಿ ತಾಲೂಕಿನ ಗುರ್ಲಹೊಸೂರಿನಲ್ಲಿ 1843ರಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಪುಣೆಯಲ್ಲಿ ಅಂಥದೊಂದು ಪಾರ್ಸಿ ಪ್ರಯೋಗವನ್ನು ಕಂಡು, ತಾವೂ ಹಾಡಿನ ನಾಟಕ ಕಟ್ಟಬೇಕೆಂದು ಮನಸ್ಸು ಮಾಡಿದರೆಂದು ಹೇಳುತ್ತಾರೆ. 1880ರಲ್ಲಿ ಅವರ ಮರಾಠಿ 'ಶಾಕುಂತಲ' ರಂಗಕ್ಕೆ ಬಂದಿತು. ಮರಾಠಿ ಕಂಪನಿಗಳ ಭರಾಟೆಯ ಎದುರು ಕನ್ನಡದ ಧ್ವನಿ ಅಡಗಬಾರದೆಂದು ಗದುಗಿನಲ್ಲಿ ಶಾಂತಕವಿಗಳು ಅದಕ್ಕೂ ಮೊದಲೇ ದುಡಿಯತೊಡಗಿದ್ದರು. ಅವರು ತೋರಿದ ದಾರಿಯಲ್ಲಿ ಮುಂದೆ ನಡೆದವರಲ್ಲಿ ಅದೇ ಸವದತ್ತಿ ತಾಲೂಕಿನ ಏಣಗಿಯ ಬಾಳಪ್ಪನವರೂ ಒಬ್ಬರು. 1914ರಲ್ಲಿ ಹುಟ್ಟಿ, ಹುಡುಗನಾಗಿ ಹೆಣ್ಣುಪಾತ್ರ ಕಟ್ಟಿ, 'ಜಗಜ್ಯೋತಿ ಬಸವೇಶ್ವರ'ದ ಬಸವಣ್ಣನಾಗಿ ಜನರಿಂದ ಕೈಮುಗಿಸಿಕೊಂಡು, 2017ರಲ್ಲಿ ಅವರು ತೀರಿಕೊಂಡರು.

ಹಡಗು ಹತ್ತಿದ ಕಂಪನಿಗಳ ಕಥೆಯೂ ಹೀಗೆಯೇ. ಅವು ಪಿನಾಂಗ್, ಸಿಂಗಪುರಗಳನ್ನು ಮುಟ್ಟಿದವು. ಅವುಗಳನ್ನು ನೋಡಿ ಮಲಯ ಭಾಷೆಯಲ್ಲಿ 'ಬಂಗ್ಸಾವಾನ್' ಎಂಬ ನಾಟಕ ಹುಟ್ಟಿತು. 1891ರಲ್ಲಿ ಜಾವಾದ ಸುರಬಾಯ ಪಟ್ಟಣದಲ್ಲಿ 'ಕೊಮೆದಿ ಸ್ತಂಬುಲ್' ಎಂಬ ಕಂಪನಿ ತಲೆಯೆತ್ತಿತು. ಹಣ ಹಾಕಿದವರು ಚೀಣೀಯರು, ನಡೆಸಿದವನು ಮಾಹ್ಯು ಎಂಬ ಮಿಶ್ರಸಂತತಿಯ ತರುಣ, ಆಡಿದ್ದು ಅರೇಬಿಯದ ಇರುಳುಗಳ ಕಥೆ, ಭಾಷೆ ಪೇಟೆಯ ಮಲಯ. ಎಲ್ಲವೂ ಕಡ ತಂದದ್ದೇ. ಅದರಲ್ಲಿ ಸ್ವಂತದ್ದೇನು ಎಂದು ಅಂದಿನ ದೊಡ್ಡವರು ಕೇಳಿರಬೇಕು.

ಆ ಪ್ರಶ್ನೆಗೆ ಉತ್ತರ ಕೊಟ್ಟದ್ದು ಕಾಲ. ಬಟಾವಿಯದ ದಾಸಿಮಾ ಎಂಬ ಹೆಣ್ಣಿನ ಕಥೆ 1896ರಲ್ಲಿ ಪುಸ್ತಕವಾಗಿ ಬಂದು, ಮುಂದೆ ರಂಗಕ್ಕೂ ಹತ್ತಿತು. ಆಂಗ್ಲನೊಬ್ಬನ ಮನೆಯಲ್ಲಿದ್ದ ಅವಳನ್ನು ಒಬ್ಬ ಮುದುಕಿಯ ಮಧ್ಯಸ್ಥಿಕೆಯಿಂದ ಸಮಿಉನ್ ಎಂಬವನು ಒಲಿಸಿಕೊಳ್ಳುತ್ತಾನೆ, ಕಡೆಗೆ ಕೊಲ್ಲಿಸುತ್ತಾನೆ. 1929ರಲ್ಲಿ ಅದು ಚಲನಚಿತ್ರವೂ ಆಯಿತು. ಪಾರಮ್ಮನನ್ನು ಬಲ್ಲ ನಮಗೆ ಆ ಮುದುಕಿಯ ಪರಿಚಯ ಬೇರೆ ಬೇಕಿಲ್ಲ! ಒಂದು ಕಥೆ ಇನ್ನೊಂದಕ್ಕೆ ಋಣಿಯಲ್ಲ. ತಮ್ಮ ಓಣಿಯಲ್ಲಿ ನಡೆದ ಪಾಪವನ್ನು ತಾವೇ ಹಾಡಿ, ತಾವೇ ಕೇಳಿ, ತಾವೇ ತೀರ್ಪು ಹೇಳಿಕೊಳ್ಳುವ ಹಸಿವು ಎರಡೂ ಕಡೆಯ ಜನಕ್ಕಿತ್ತು, ಅಷ್ಟೇ. ಕಡ ತಂದ ಪೆಟ್ಟಿಗೆ ಎಂದು ಸ್ವಂತದ್ದಾಗುತ್ತದೆ? ಅದರಲ್ಲಿ ನಮ್ಮ ಸಂಕಟವನ್ನು ಇಟ್ಟ ದಿನ.

ಈಚಿನ ಕಾಲದ ಒಂದು ನಿದರ್ಶನವನ್ನೂ ಹೇಳಬೇಕು. ಹಿಂದೀ ಚಿತ್ರಗೀತೆಗಳ ಧಾಟಿ, ಮಲಯ ಹಾಡು, ಅರಬೀ ವಾದ್ಯರೀತಿಗಳು ಕೂಡಿ ಇಂಡೋನೇಷ್ಯದಲ್ಲಿ ಒಂದು ಗಾಯನ ಪದ್ಧತಿ ಬೆಳೆಯಿತು. ತಬಲೆಯ ಪೆಟ್ಟನ್ನು ಅಣಕಿಸಿ ಓದಿದ ಜನ 1970ರ ದಶಕದ ಆರಂಭದಲ್ಲಿ ಅದನ್ನು 'ದಂಗ್‌ದುತ್' ಎಂದು ಕರೆದರು. ರೋಮಾ ಇರಾಮಾ ಎಂಬ ಗಾಯಕ ಆ ಹಂಗಿಸುವ ಹೆಸರನ್ನೇ ಎತ್ತಿಕೊಂಡು ಹಾಡಿದ. ಬಡವರ ಓಣಿಗಳ ಆ ಹಾಡನ್ನು ಇಂದು ಇಡೀ ದೇಶ ತನ್ನದೆನ್ನುತ್ತದೆ.

ಓದಿದವರ ಅಣಕದ ಮಾತು ಬಂದಾಗ ನಾನು ತಲೆ ತಗ್ಗಿಸಬೇಕಾಗುತ್ತದೆ. ನಾನು ಅಧ್ಯಾಪಕನಾದ ಹೊಸದರಲ್ಲಿ ನಮ್ಮ ಕಡೆಯ ಹಳ್ಳಿಯ ವಿದ್ಯಾರ್ಥಿಯೊಬ್ಬ ಸಣ್ಣಾಟದ ಮೇಲೆ ಪ್ರಬಂಧ ಬರೆಯುತ್ತೇನೆಂದು ಬಂದ. ಅವನ ತಂದೆ ಇಪ್ಪತ್ತು ವರ್ಷ ಗಂಗಿಯ ಪಾತ್ರ ಮಾಡಿದವರಂತೆ. ಹಾಡು, ಮಾತು, ಮಟ್ಟುಗಳನ್ನೆಲ್ಲ ತಮ್ಮ ಕೈಯಿಂದಲೇ ಬರೆದ ಒಂದು ವಹಿ ಮನೆಯಲ್ಲಿತ್ತಂತೆ. "ಅದು ಪೋಲಿ ಆಟ, ನೀನು ಪಂಪನನ್ನು ಓದು" ಎಂದೆ. ಹುಡುಗ ವಿಧೇಯ, ಪಂಪನನ್ನು ಓದಿದ, ಒಳ್ಳೆಯ ಅಂಕಗಳನ್ನೂ ಪಡೆದ. ಹತ್ತು ವರ್ಷಗಳ ತರುವಾಯ ಬುದ್ಧಿ ಬಂದು ನಾನೇ ಆ ವಹಿಯನ್ನು ಕೇಳಿಕೊಂಡು ಹೋದೆ. ತಂದೆ ತೀರಿದ್ದರು. ಮಳೆಗಾಲದಲ್ಲಿ ಗೋಡೆ ಕುಸಿದು ವಹಿ ಮಣ್ಣಾಗಿತ್ತು. ಮಗ ನನ್ನನ್ನು ಜರಿಯಲಿಲ್ಲ. ಚಹಾ ಕೊಟ್ಟ. ಅಪ್ಪನ ಒಂದೆರಡು ನುಡಿ ನೆನಪಿವೆಯೆಂದು ಹಾಡಲು ಹೋಗಿ, ಮುಂದಿನ ನುಡಿ ಬಾರದೆ ನಿಲ್ಲಿಸಿದ.

ಪಂಪ ನನ್ನ ನೆರವಿಲ್ಲದೆಯೂ ಉಳಿಯುತ್ತಿದ್ದ. ಆ ವಹಿಗೆ ನನ್ನ ಒಂದು ಒಳ್ಳೆಯ ಮಾತು ಬೇಕಿತ್ತು.

ಕೇಳುಗರಲ್ಲಿ ಯಾರ ಮನೆಯಲ್ಲಾದರೂ ಅಂಥ ವಹಿಯಿದ್ದರೆ, ಈ ಮಳೆಗಾಲಕ್ಕೆ ಮುನ್ನ ಅದನ್ನು ಜಂತಿಯಿಂದ ಕೆಳಗಿಳಿಸಿ ಒಮ್ಮೆ ಓದಿಸಿರಿ, ಹಾಡಿಸಿರಿ. ಹಾಡಬಲ್ಲವರು ಇನ್ನೂ ಇದ್ದಾರೆ.