ಮುಳುಗುವುದು ಸುಲಭ, ಮೇಲೇಳುವುದನ್ನು ಮೊದಲೇ ಕಟ್ಟಬೇಕು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಈ ಗೋಷ್ಠಿಯಲ್ಲಿ ನನಗಿಂತ ಮುಂಚೆ ವೈದ್ಯರು, ಅಧಿಕಾರಿಗಳು, ಉಪನ್ಯಾಸಕರು ಮಾತನಾಡಿದ್ದಾರೆ. ನಾನು ಎಸ್ಸೆಸ್ಸೆಲ್ಸಿ ಆದ ಮೇಲೆ ಐಟಿಐ ಕಲಿತು ಬೋರ್‌ವೆಲ್ ಮೋಟಾರು ರಿವೈಂಡಿಂಗ್ ಮಾಡುತ್ತಿರುವವನು. ಬಿಡುವಿನಲ್ಲಿ ಮನೆಯಲ್ಲೇ ಕಟ್ಟಿದ, ರಿಮೋಟಿನಿಂದ ಓಡುವ ಪುಟ್ಟ ಜಲಾಂತರ್ಗಾಮಿಯ ಬಗ್ಗೆ ಮಕ್ಕಳಿಗೆ ಹೇಳಬೇಕೆಂದು ಗುರುಗಳು ಅಪ್ಪಣೆ ಮಾಡಿದ್ದಾರೆ. ಅದಕ್ಕಾಗಿ ನಿಂತಿದ್ದೇನೆ.

ಕಡಲಿಲ್ಲದ ಊರಿನಲ್ಲಿ ಜಲಾಂತರ್ಗಾಮಿ ಯಾಕಪ್ಪಾ ಎಂದು ಹಲವರು ಕೇಳಿದ್ದಾರೆ. ನಮ್ಮ ಊರಿನ ಹೆಸರಿನಲ್ಲೇ ಹಡಗು ಕೇಳಿಸುತ್ತದೆ. ಹಿಂದೆ ಹಂಪಿಗೆ ಹೂವು ತುಂಗಭದ್ರೆಯ ಮೇಲೆ ಹೋಗುತ್ತಿತ್ತು, ಅದಕ್ಕೇ ಹೂವಿನಹಡಗಲಿ ಎಂಬ ಮಾತನ್ನು ನಾವೆಲ್ಲ ಹಿರಿಯರ ಬಾಯಲ್ಲಿ ಕೇಳಿ ಬೆಳೆದವರು. ಅಷ್ಟೇ ಅಲ್ಲ, 1620ರ ಸುಮಾರಿಗೆ ಕಾರ್ನೆಲಿಸ್ ಡ್ರೆಬೆಲ್ ಎಂಬಾತ ನೀರೊಳಗೆ ಸಾಗುವ ದೋಣಿಯನ್ನು ಮೊದಲು ಓಡಿಸಿ ತೋರಿಸಿದ್ದು ಕಡಲಿನಲ್ಲಲ್ಲ, ಲಂಡನ್ನಿನ ಥೇಮ್ಸ್ ನದಿಯಲ್ಲಿ. ಹೊಳೆ ಇದ್ದವರಿಗೂ ಈ ವಿದ್ಯೆ ಸಲ್ಲುತ್ತದೆ.

ಮಕ್ಕಳೇ, ಹೊಳೆಯಲ್ಲಿ ಹರಿಗೋಲು ನೋಡಿದ್ದೀರಿ. ಜನ ಹತ್ತಿದಷ್ಟೂ ಅದು ಕೆಳಗೆ ಇಳಿಯುತ್ತದೆ, ಆದರೆ ಮುಳುಗುವುದಿಲ್ಲ. ತನ್ನ ಮತ್ತು ಜನರ ತೂಕ ಎಷ್ಟೋ ಅಷ್ಟು ತೂಕದ ನೀರನ್ನು ಪಕ್ಕಕ್ಕೆ ಸರಿಸಿ ಅದು ತೇಲುತ್ತದೆ. ನಿಮ್ಮ ಪುಸ್ತಕದಲ್ಲಿ ಆರ್ಕಿಮಿಡಿಸ್ ತತ್ವ ಎಂದು ಓದುವುದು ಇದನ್ನೇ. ಹರಿಗೋಲು ತೇಲಿದರೆ ಸಾಕು. ಜಲಾಂತರ್ಗಾಮಿ ಬೇಕೆಂದಾಗ ತೇಲಬೇಕು, ಬೇಕೆಂದಾಗ ಮುಳುಗಬೇಕು, ಮತ್ತೆ ಮೇಲೆ ಬರಬೇಕು. ಅದಕ್ಕೆ ಅದು ತನ್ನ ತೂಕವನ್ನು ತಾನೇ ಬದಲಿಸಿಕೊಳ್ಳಬೇಕು.

ನಾನು ಆರಿಸಿಕೊಂಡಿದ್ದು ಹೊಲದ ಪೈಪ್‌ಲೈನಿಗೆ ಹಾಕುವ 75 ಮಿಲಿಮೀಟರ್ ಪಿವಿಸಿ ಪೈಪು. ಉದ್ದ 40 ಸೆಂಟಿಮೀಟರ್. ಎರಡೂ ಕಡೆ ಮುಚ್ಚಿದರೆ ಅದು ಸರಿಸುವ ನೀರು ಸುಮಾರು 1,767 ಘನ ಸೆಂಟಿಮೀಟರ್. ಅಂದರೆ 1 ಕಿಲೋ 767 ಗ್ರಾಂ. ನೀವು ಗಣಿತದಲ್ಲಿ ಮಾಡುವ ಸಿಲಿಂಡರಿನ ಲೆಕ್ಕವೇ ಇದು. ಅದನ್ನು ಮಾಡದೆ ಪೈಪು ಕೊಯ್ಯಲು ಹೋಗಬೇಡಿ. ಮೋಟಾರು, ಸೆಲ್ಲು, ತಂತಿ ಎಲ್ಲ ಸೇರಿಸಿದರೂ ಅಷ್ಟು ತೂಕ ಬರುವುದಿಲ್ಲ. ಉಳಿದದ್ದನ್ನು ಕಬ್ಬಿಣದ ನಟ್ಟು ಬೋಲ್ಟಿನಿಂದ ತುಂಬಬೇಕು. ಆ ಭಾರವೆಲ್ಲ ಪೈಪಿನ ತಳದಲ್ಲೇ ಇರಬೇಕು. ಮೇಲಿದ್ದರೆ ದೋಣಿ ಮಗುಚಿಕೊಳ್ಳುತ್ತದೆ.

ಇನ್ನು ತೂಕ ಬದಲಿಸುವ ಉಪಾಯ. ಔಷಧದ ಅಂಗಡಿಯಲ್ಲಿ ಸಿಗುವ 60 ಮಿಲಿಲೀಟರಿನ ಎರಡು ಸಿರಿಂಜುಗಳನ್ನು ಸೂಜಿಯಿಲ್ಲದೆ ಒಳಗೆ ಕೂಡಿಸಿದೆ. ಅವುಗಳ ಬಾಯಿ ಹೊರಗಿನ ನೀರಿಗೆ ತೆರೆದಿರುತ್ತದೆ. ಒಂದು ಗೇರ್ ಮೋಟಾರು ಥ್ರೆಡ್ ರಾಡನ್ನು ತಿರುಗಿಸಿ ಸಿರಿಂಜಿನ ಹಿಡಿಯನ್ನು ಎಳೆದರೆ 120 ಗ್ರಾಂ ನೀರು ಒಳಗೆ ಬರುತ್ತದೆ, ದೋಣಿ ಇಳಿಯುತ್ತದೆ. ತಳ್ಳಿದರೆ ನೀರು ಹೊರಗೆ, ದೋಣಿ ಮೇಲಕ್ಕೆ. ನಮ್ಮ ನೌಕಾಪಡೆಯ ಮೊದಲ ಜಲಾಂತರ್ಗಾಮಿ ಐಎನ್‌ಎಸ್ ಕಲ್ವರಿ 1967ರ ಡಿಸೆಂಬರ್ 8ರಂದು ಸೇವೆಗೆ ಸೇರಿತು. ಅಂಥ ದೊಡ್ಡ ಹಡಗುಗಳಲ್ಲಿ ಸಿರಿಂಜಿನ ಬದಲು ದೊಡ್ಡ ತೊಟ್ಟಿಗಳಿರುತ್ತವೆ, ಒತ್ತಿ ತುಂಬಿಟ್ಟ ಗಾಳಿಯಿಂದ ಅವುಗಳ ನೀರನ್ನು ಹೊರಗೆ ತಳ್ಳುತ್ತಾರೆ. ತತ್ವ ಒಂದೇ.

ನನ್ನ ಕಸುಬು ಇಲ್ಲಿ ನೆರವಿಗೆ ಬಂತು. ನಮ್ಮ ಕಡೆ ಬೋರ್‌ವೆಲ್ಲಿಗೆ ಇಳಿಸುವ ಬಹಳಷ್ಟು ಸಬ್‌ಮರ್ಸಿಬಲ್ ಮೋಟಾರುಗಳ ಒಳಗೆ ಮೊದಲೇ ಶುದ್ಧ ನೀರು ತುಂಬಿರುತ್ತೇವೆ. ಒಳಗೂ ನೀರು, ಹೊರಗೂ ನೀರು. ಹಾಗಾಗಿ ಎಷ್ಟು ಆಳಕ್ಕೆ ಇಳಿಸಿದರೂ ಒತ್ತಡ ಸರಿಸಮ. ಜಲಾಂತರ್ಗಾಮಿಯ ಒಳಗೆ ಇರುವುದು ಗಾಳಿ. ಹೊರಗಿನ ಒತ್ತಡವನ್ನೆಲ್ಲ ಅದರ ಮೈಯೇ ತಡೆಯಬೇಕು. ನೀರಿನಲ್ಲಿ 10 ಮೀಟರ್ ಇಳಿದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಭಾರ ಹೆಚ್ಚುತ್ತದೆ. ಕೇವಲ 1 ಮೀಟರ್ ಆಳದಲ್ಲೇ ನನ್ನ ಪೈಪಿನ ಮುಚ್ಚಳದ ಮೇಲೆ 4 ಕಿಲೋಗಿಂತ ಹೆಚ್ಚು ಭಾರ ಬೀಳುತ್ತದೆ. 200 ಮೀಟರಿಗೆ ಇಳಿಯುವ ಹಡಗಿನ ಮೇಲೆ ಅಂಗೈ ಅಗಲದ ಜಾಗಕ್ಕೆ ಸುಮಾರು 2 ಟನ್ ಬೀಳುತ್ತದೆ. ಆದ್ದರಿಂದ ಮುಚ್ಚಳಕ್ಕೆ ರಬ್ಬರ್ ರಿಂಗು, ಪಂಖದ ರಾಡು ಹೊರಬರುವಲ್ಲಿ ಗ್ರೀಸು ತುಂಬಿದ ಹಿತ್ತಾಳೆ ಕೊಳವೆ, ಇವೆರಡರಲ್ಲಿ ಜಿಪುಣತನ ಕೂಡದು.

ಈಗ ಮುಖ್ಯವಾದ ಮಾತು. ಸೆಲ್ಲು ತೀರಿತು, ತಂತಿ ಕಡಿಯಿತು, ರಿಮೋಟಿನ ಸಂಕೇತ ತಲುಪಲಿಲ್ಲ ಎನ್ನೋಣ. ಆಗ ದೋಣಿಯ ಗತಿ ಏನು? ಇದಕ್ಕೆ ಉತ್ತರ ಕಟ್ಟುವಾಗಲೇ ಸಿದ್ಧವಿರಬೇಕು. ಸಿರಿಂಜು ಪೂರ್ತಿ ತುಂಬಿದಾಗಲೂ ನನ್ನ ದೋಣಿ ನೀರಿಗಿಂತ 10 ಗ್ರಾಂ ಹಗುರ. ಹಾಗಿದ್ದರೆ ಮುಳುಗುವುದು ಹೇಗೆ? ಮೂತಿಯ ಪಕ್ಕದಲ್ಲಿ ಕೆಳಗೆ ಬಾಗಿದ ಎರಡು ಪುಟ್ಟ ರೆಕ್ಕೆಗಳಿವೆ. ಪಂಖ ತಿರುಗಿ ದೋಣಿ ಮುಂದೆ ಸಾಗುವಾಗ ನೀರು ಆ ರೆಕ್ಕೆಗಳನ್ನು ಕೆಳಕ್ಕೆ ಒತ್ತುತ್ತದೆ. ಪಂಖ ನಿಂತರೆ ಒತ್ತುವವರಿಲ್ಲ, ದೋಣಿ ತಾನಾಗಿ ಮೇಲೆ ಬರುತ್ತದೆ. ಕೆಟ್ಟರೂ ಮೇಲೆ, ಸೆಲ್ಲು ತೀರಿದರೂ ಮೇಲೆ. ಕಲ್ಲೂ ಮುಳುಗುತ್ತದೆ, ಅದರಲ್ಲಿ ಹೆಚ್ಚುಗಾರಿಕೆ ಇಲ್ಲ. ಮೇಲೇಳುವುದನ್ನು ಮೊದಲು ಕಟ್ಟಿ, ಆಮೇಲೆ ಮುಳುಗಿಸುವುದೇ ಈ ವಿದ್ಯೆಯ ಸಾರ.

ರಿಮೋಟಿನದೂ ಒಂದು ಪಾಠವಿದೆ. ಈಗಿನ ಆಟಿಕೆಗಳಲ್ಲಿ ಹೆಚ್ಚಾಗಿ ಇರುವುದು 2.4 ಗಿಗಾಹರ್ಟ್ಸ್. ಗಾಳಿಯಲ್ಲಿ ಅದು ಬಹು ದೂರ ಹೋಗುತ್ತದೆ, ನೀರಿಗೆ ಇಳಿದರೆ ಅಲ್ಲೇ ಸೊರಗುತ್ತದೆ. ಹಳೆಯ ಆಟಿಕೆ ಕಾರುಗಳ 27 ಮೆಗಾಹರ್ಟ್ಸ್ ಅಲೆ ಸಿಹಿನೀರಿನಲ್ಲಿ ಒಂದೆರಡು ಮೀಟರ್ ಇಳಿಯಬಲ್ಲದು. ನಮ್ಮ ಬೋರಿನ ಸವುಳು ನೀರಿನಲ್ಲಿ ಲವಣ ಹೆಚ್ಚು, ಅಲ್ಲಿ ಅದಕ್ಕಿಂತ ಕಡಿಮೆ. ಕಡಲ ನೀರಿನಲ್ಲಂತೂ ಕೆಲವೇ ಇಂಚು. ಅದಕ್ಕೇ ನೌಕಾಪಡೆ ಬಹಳ ಕಡಿಮೆ ಕಂಪನಾಂಕದ ಅಲೆಗಳನ್ನು ಬಳಸುತ್ತದೆ. ಅಂಥ ಅಲೆ ಕಳಿಸುವ ಕೇಂದ್ರ ಐಎನ್‌ಎಸ್ ಕಟ್ಟಬೊಮ್ಮನ್ 1990ರಿಂದ ತಮಿಳುನಾಡಿನ ತಿರುನೆಲ್ವೇಲಿ ಕಡೆ ಇದೆ. ನಾನು ಬಳಸಿದ್ದು ಹಳೆಯ ಕಾರಿನ ರಿಮೋಟು. ಮುಂದೆ, ಹಿಂದೆ ಎಂಬ ಗುಂಡಿಗಳು ಪಂಖಕ್ಕೆ. ಎಡ, ಬಲ ಎಂಬವು ಸಿರಿಂಜಿಗೆ. ಚುಕ್ಕಾಣಿಯನ್ನು ಸ್ವಲ್ಪ ಓರೆಯಾಗಿ ಗಟ್ಟಿ ಮಾಡಿದ್ದರಿಂದ ದೋಣಿ ತೊಟ್ಟಿಯೊಳಗೆ ಸುತ್ತು ಹಾಕುತ್ತದೆ. ಎಲ್ಲ ಸೇರಿ ಸುಮಾರು 1,500 ರೂಪಾಯಿ ಆಯಿತು.

ಅಷ್ಟು ದುಡ್ಡು ಇಲ್ಲದವರು ಬೇಸರ ಪಡಬೇಡಿ. ತೂತಿಲ್ಲದ ಪೆನ್ನಿನ ಕ್ಯಾಪಿನ ಅಂಚಿಗೆ ಸ್ವಲ್ಪ ಜೇಡಿಮಣ್ಣು ಮೆತ್ತಿ, ನೀರು ತುಂಬಿದ ಪ್ಲಾಸ್ಟಿಕ್ ಬಾಟಲಿಯಲ್ಲಿ ಬಾಯಿ ಕೆಳಗಾಗಿ ತೇಲಿಬಿಡಿ. ಮುಚ್ಚಳ ಬಿಗಿದು ಬಾಟಲಿ ಹಿಚುಕಿದರೆ ಕ್ಯಾಪಿನೊಳಗಿನ ಗಾಳಿ ಕುಗ್ಗಿ, ನೀರು ಹೊಕ್ಕು, ಅದು ಮುಳುಗುತ್ತದೆ. ಕೈ ಸಡಿಲಿಸಿದರೆ ಮೇಲೇಳುತ್ತದೆ. ಖರ್ಚಿಲ್ಲದ ಜಲಾಂತರ್ಗಾಮಿ ಅದು.

ಎರಡು ಎಚ್ಚರಿಕೆಗಳು. ಒಂದು, ಹಳೆಯ ಮೊಬೈಲಿನ ಬ್ಯಾಟರಿಯನ್ನು ಪೈಪಿನೊಳಗೆ ಹಾಕಬೇಡಿ. ನೀರು ಹೊಕ್ಕರೆ ಅದು ಬೆಂಕಿ ಹಿಡಿಯಬಹುದು. ಪೆನ್‌ಸೆಲ್ ಸಾಕು. ಎರಡು, ದೋಣಿಯನ್ನು ಮನೆಯ ನೀರಿನ ತೊಟ್ಟಿಯಲ್ಲಿ ದೊಡ್ಡವರ ಎದುರಿಗೇ ಬಿಡಿ. ಹೊಳೆ, ಕಾಲುವೆ, ಕೃಷಿಹೊಂಡಕ್ಕೆ ಹೋಗಬೇಡಿ.

ಹಿರಿಯರೇ, ಈ ಕೊನೆಯ ಮಾತು ನಿಮಗೆ. ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಹೊಲಗಳಲ್ಲಿ ಹೊಂಡಗಳು ಹೆಚ್ಚಿದವು. ಮಳೆ ನಂಬಿದ ರೈತನಿಗೆ ಅವು ಆಸರೆ. ಆದರೆ ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆಯ ಮೇಲೆ ಪಾಚಿ ಕಟ್ಟಿದರೆ, ಒಮ್ಮೆ ಜಾರಿದವರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಈಜು ಬಲ್ಲವರಿಗೂ ಹತ್ತಲು ಆಗುವುದಿಲ್ಲ. ಆಟಿಕೆ ದೋಣಿಗೇ ಮೇಲೆ ಬರುವ ದಾರಿ ಮೊದಲು ಮಾಡುತ್ತೇವೆ ಎಂದ ಮೇಲೆ ಮಕ್ಕಳಿಗೆ ಮಾಡದಿದ್ದರೆ ಹೇಗೆ? ಹೊಂಡದ ಸುತ್ತ ಬೇಲಿ ಇರಲಿ. ನಾಲ್ಕೂ ಕಡೆ ಗೂಟ ಹೊಡೆದು, ಮೊಳಕ್ಕೊಂದು ಗಂಟು ಹಾಕಿದ ಹಗ್ಗವನ್ನು ನೀರಿನ ತಳದವರೆಗೆ ಇಳಿಬಿಡಿ. ಒಂದು ಹಳೆಯ ಟ್ಯೂಬಿಗೆ ಗಾಳಿ ತುಂಬಿ ಕಟ್ಟಿಡಿ. ಹಗ್ಗ ಕಟ್ಟುವ ಕೆಲಸಕ್ಕೆ ಯಾರು ಕರೆದರೂ ನಾನು ಬರುತ್ತೇನೆ.

ಕೈಕೆಲಸ ನಮ್ಮ ಸೀಮೆಗೆ ಹೊಸದಲ್ಲ. ಒಂದನೆಯ ಸೋಮೇಶ್ವರನ ಕಾಲದಲ್ಲಿ, ಕ್ರಿ.ಶ. 1057ರಲ್ಲಿ, ದೇಮರಸ ಕಟ್ಟಿಸಿದ ಕಲ್ಲೇಶ್ವರ ಗುಡಿ ನಮ್ಮ ತಾಲ್ಲೂಕಿನ ಹಿರೇಹಡಗಲಿಯಲ್ಲಿದೆ. ಅಳತೆ ಬಲ್ಲ ಕೈಗಳು ಅದನ್ನು ಕಟ್ಟಿದವು. ಅಂಥ ಕೈಗಳನ್ನು ಬೆಳೆಸಲು ಶಾಲೆಯಲ್ಲಿ ಒಂದು ಗಟ್ಟಿ ಮೇಜು, ಒಂದು ವೈಸ್, ಗರಗಸ, ತೂಕದ ಯಂತ್ರ ಇದ್ದರೆ ಸಾಕು. ಹಳೆಯ ವಿದ್ಯಾರ್ಥಿಗಳು ಮನಸ್ಸು ಮಾಡಿದರೆ ಇದು ಭಾರವಲ್ಲ. ವೈಸ್ ಮತ್ತು ಗರಗಸ ನನ್ನ ಲೆಕ್ಕಕ್ಕೆ ಬರೆದುಕೊಳ್ಳಿ. ಶನಿವಾರ ಶಾಲೆ ಬಿಟ್ಟ ಮೇಲೆ ಎರಡು ತಾಸು ಬಂದು ಮಕ್ಕಳ ಜೊತೆ ಕೂಡುತ್ತೇನೆ.